ಅಮ್ಮನಿಗೆ ಇಪ್ಪತ್ತಕ್ಕೆ ಮೂರು

ನನ್ನ ಹೆತ್ತ ತಾಯಿಗೆ ಕೈಯಾರೆ ಇಪ್ಪತ್ತಕ್ಕೆ ಮೂರು ಅಂಕ ಕೊಟ್ಟವಳು ನಾನು. ಈಗ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಸಂಶೋಧನಾ ವಿಧಾನಗಳ ಪಾಠ ಬಂದಾಗ ಈ ಕತೆ ಹೇಳದೆ ಮುಂದೆ ಹೋಗುವುದಿಲ್ಲ. ಪುಸ್ತಕದಲ್ಲಿ ಇರುವುದನ್ನು ಮಕ್ಕಳು ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳು ಯಾರಾದರೂ ಸಿಕ್ಕರೆ ನನ್ನ ಕ್ಷೇಮ ಆಮೇಲೆ, ಮೊದಲು ಕೇಳುವುದು, "ಮೇಡಂ, ನಿಮ್ಮಮ್ಮ ಹೇಗಿದಾರೆ?"

ನಮ್ಮೂರು ನೆಲಮಂಗಲ ತಾಲ್ಲೂಕಿನಲ್ಲಿ, ತ್ಯಾಮಗೊಂಡ್ಲು ದಾಟಿ ಇನ್ನಷ್ಟು ಒಳಗೆ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ ಎಂದು ತಿಳಿದ ದಿನದಿಂದ ಊರವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಈ ಸಲ ಯಾವ ಪಾರ್ಟಿ ಬರ್ತದವ್ವ?" ಗೊತ್ತಿಲ್ಲ ಎಂದರೆ ಅವರಿಗೆ ನನ್ನ ಮೇಲೆ ಕನಿಕರ. ಇಷ್ಟು ವರ್ಷ ಓದಿ ಅದೂ ಗೊತ್ತಾಗದಿದ್ದರೆ ಓದಿದ್ದು ಏನನ್ನು? ನಮ್ಮ ಚಿಕ್ಕಪ್ಪನಂತೂ, "ಬೆಂಗಳೂರಿಗೆ ಯಾಕ್ ಹೋಗ್ತೀಯಾ, ನಮ್ಮ ಅರಳೀಕಟ್ಟೆ ಮೇಲೆ ಒಂದು ವಾರ ಕೂತ್ಕೊ, ಸರ್ಟಿಫಿಕೇಟ್ ನಾವೇ ಬರ್ಕೊಡ್ತೀವಿ" ಎನ್ನುತ್ತಿದ್ದರು. ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು.

ಎಂ.ಎ. ಮುಗಿದು ಪಿಎಚ್.ಡಿ.ಗೆ ಸೇರಿದ ಹೊತ್ತಿಗೆ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗಿ ಅಮ್ಮ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದಳು. ನಿಲ್ಲು ಎಂದವರು ಬೀದಿಯ ಹೆಂಗಸರು. ಅಪ್ಪ ಬೇಡ ಎನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಗೆದ್ದ ಮೇಲೆ ಸಭೆಯಿದ್ದಾಗಲೆಲ್ಲ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ಅಪ್ಪನ ಕೆಲಸವಾಯಿತು. ಗಂಡಂದಿರು ಒಳಗೆ ಬರಬಾರದೆಂದು ಪಂಚಾಯಿತಿ ಅಧಿಕಾರಿ ಕಡ್ಡಾಯ ಮಾಡಿದ್ದರಿಂದ ಅಪ್ಪ ಕಿಟಕಿಯ ಆಚೆ ಕಲ್ಲುಬೆಂಚಿನ ಮೇಲೆ ಬೇರೆ ಗಂಡಂದಿರ ಜೊತೆ ಕೂತು ಕಡಲೆಕಾಯಿ ತಿನ್ನುತ್ತಿದ್ದ.

ನನ್ನ ಸಂಶೋಧನೆಯ ವಿಷಯವೂ ಅದೇ ಆಯಿತು. ಪಂಚಾಯಿತಿಗೆ ಆರಿಸಿ ಬಂದ ಹೆಂಗಸರು ತೀರ್ಮಾನಗಳನ್ನು ತಾವೇ ಮಾಡುತ್ತಾರೋ, ಇಲ್ಲ ಹೆಸರಿಗೆ ಮಾತ್ರ ಇರುತ್ತಾರೋ?

ನಮ್ಮ ಶಾಸ್ತ್ರದೊಳಗೆ ಒಂದು ಹಳೆಯ ಜಗಳವಿದೆ. ಹಿಂದಿನವರು, ಸಂವಿಧಾನ, ಕಾಯ್ದೆ, ಸಭೆಯ ನಡಾವಳಿ ಪುಸ್ತಕ ಇವನ್ನು ಓದಿದರೆ ರಾಜಕೀಯ ತಿಳಿಯುತ್ತದೆ ಎಂದರು. ಅದು ಸಾಂಸ್ಥಿಕ ವಿಧಾನ. ಅವರ ನಂತರ ಬಂದವರು, ಕಾಗದ ಬಿಡಿ, ಮನುಷ್ಯರು ಏನು ಮಾಡುತ್ತಾರೋ ಅದನ್ನು ನೋಡಿ, ಎಣಿಸಿ, ಅಳೆಯಿರಿ ಎಂದರು. ಅದು ವರ್ತನಾವಾದ. ಎಣಿಸಿ ಎಣಿಸಿ ಬೆಟ್ಟದಷ್ಟು ರಾಶಿ ಹಾಕಿದ ಮೇಲೆ ಇನ್ನೊಂದಷ್ಟು ಜನ ಎದ್ದು, ಎಣಿಸಿದ್ದೆಲ್ಲ ಸರಿ ಸ್ವಾಮಿ, ಇದರಿಂದ ಯಾರ ಮನೆಗೆ ಏನು ಬಂತು ಎಂದು ಕೇಳಿದರು. ಅವರು ವರ್ತನೋತ್ತರವಾದಿಗಳು. ನನ್ನ ಮಾರ್ಗದರ್ಶಕರು ಎಣಿಸುವ ಬಣದವರು. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಕನ್ನಡಕ ಒರೆಸಿಕೊಳ್ಳುತ್ತ, "ಸಂಖ್ಯೆ ಇಲ್ಲದಿದ್ದರೆ ಅದು ಅಭಿಪ್ರಾಯ ಕಣಮ್ಮ, ಸಂಶೋಧನೆ ಅಲ್ಲ" ಎನ್ನುತ್ತಿದ್ದರು. ನಾನೂ ಅವರ ಶಿಷ್ಯೆ. ಇಪ್ಪತ್ತು ಪ್ರಶ್ನೆಗಳ ಪಟ್ಟಿ ಮಾಡಿದೆ. ಹೌದು ಎಂದರೆ ಒಂದು ಅಂಕ, ಇಲ್ಲ ಎಂದರೆ ಸೊನ್ನೆ. ಹದಿನೈದು ದಾಟಿದರೆ ಸ್ವತಂತ್ರ ಸದಸ್ಯೆ, ಎಂಟಕ್ಕಿಂತ ಕೆಳಗಿದ್ದರೆ ಹೆಸರಿಗೆ ಮಾತ್ರ ಸದಸ್ಯೆ, ನಡುವೆ ಇರುವವರು ಅರೆಸ್ವತಂತ್ರ.

ಊರೂರು ಸುತ್ತುವ ಮುಂಚೆ ಪ್ರಶ್ನೆಗಳನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡು ಎಂದು ಗುರುಗಳು ಹೇಳಿದ್ದರು. ಮನೆಯಲ್ಲೇ ಒಬ್ಬಳು ಸದಸ್ಯೆ ಇರುವಾಗ ಬೇರೆಲ್ಲಿ ಹುಡುಕಲಿ? ಅಮ್ಮ ಜಗುಲಿಯ ಮೇಲೆ ಸಂತೆಗೆಂದು ದಂಟಿನ ಸೊಪ್ಪನ್ನು ಕಂತೆ ಕಟ್ಟುತ್ತಿದ್ದಳು. ಎದುರಿಗೆ ಕೂತು ಪಟ್ಟಿಯಲ್ಲಿ ಇದ್ದ ಹಾಗೆಯೇ ಓದಿದೆ.

"ತಾವು ಪಂಚಾಯಿತಿ ಸಭೆಗಳಲ್ಲಿ ಮಾತನಾಡುತ್ತೀರಾ?"

ಅಮ್ಮ ಹಿಂದೆ ತಿರುಗಿ ನೋಡಿದಳು. "ಯಾರ್ನ ಕೇಳ್ತಿದೀಯೇ?"

"ನಿನ್ನನ್ನೇ ಅಮ್ಮ. ಎಲ್ಲಾರ್ನೂ ಹಿಂಗೇ ಕೇಳ್ಬೇಕು."

"ಹಂಗಾ. ಇಲ್ಲಮ್ಮ, ಮಾತಾಡಲ್ಲ."

ಸೊನ್ನೆ. ಸಭೆಗೆ ಒಬ್ಬರೇ ಹೋಗುತ್ತೀರಾ? ಇಲ್ಲ, ನಿಮ್ಮಪ್ಪನ ಗಾಡೀಲಿ. ಅರ್ಜಿಗಳನ್ನು ನೀವೇ ಬರೆಯುತ್ತೀರಾ? ಇಲ್ಲ, ನಿಮ್ಮಪ್ಪನ ಕೈಲಿ ಬರೆಸ್ತೀನಿ, ಅಕ್ಷರ ಚೆನ್ನಾಗಿದೆ. ನಿಮ್ಮ ಹೆಸರಿನಲ್ಲಿ ಯಾವುದಾದರೂ ನಿರ್ಣಯ ಮಂಡಿಸಿದ್ದೀರಾ? ಇಲ್ಲ. ಅಧಿಕಾರಿಗಳ ಜೊತೆ ಫೋನಿನಲ್ಲಿ ಮಾತನಾಡುತ್ತೀರಾ? ಫೋನ್ ನಿಮ್ಮಪ್ಪನ ಜೇಬಲ್ಲಿರ್ತದೆ. ಎಲ್ಲ ಸಭೆಗೂ ಹೋಗಿದ್ದಕ್ಕೆ ಒಂದು, ಸಹಿ ತಾನೇ ಮಾಡಿದ್ದಕ್ಕೆ ಒಂದು, ವಾರ್ಡಿನ ಗಡಿ ಗೊತ್ತಿದ್ದಕ್ಕೆ ಒಂದು, ಒಟ್ಟು ಮೂರು ಅಂಕ ಬಂತು. ಕೊನೆಯಲ್ಲಿ ಅಂಕವಿಲ್ಲದ ಇನ್ನೊಂದು ಪ್ರಶ್ನೆ ಇತ್ತು. ನಿಮ್ಮ ಅವಧಿಯಲ್ಲಿ ಆಗಲೇಬೇಕು ಎನ್ನುವ ಕೆಲಸ ಯಾವುದು?

"ಸಂತೆ ಮೈದಾನದಲ್ಲಿ ಹೆಣ್ಮಕ್ಕಳಿಗೆ ಒಂದು ಶೌಚಾಲಯ" ಎಂದಳು, ನಾನು ಕೇಳಿ ಮುಗಿಸುವ ಮುಂಚೆಯೇ. "ಅದೊಂದು ಆದ್ರೆ ನಾನು ಮೆಂಬರಾಗಿದ್ದೂ ಸಾರ್ಥಕ. ಮಿಕ್ಕ ಮೆಂಬರೆಲ್ಲ ಊರ ಬಾಗ್ಲಿಗೆ ಕಮಾನು ಕಟ್ಟಿಸ್ಬೇಕು ಅಂತವ್ರೆ."

ಅದನ್ನು ಬರೆದುಕೊಂಡು ಹಾಳೆ ಮಡಚಿದೆ. ಅಮ್ಮ ಕಂತೆಯ ದಾರ ಬಿಗಿಯುತ್ತ, "ಎಷ್ಟು ಬಂತು ನಂಗೆ?" ಎಂದಳು.

ನಾನು ಸುಳ್ಳು ಹೇಳಬಹುದಿತ್ತು. ಆದರೆ ಆಗಿನ ನನಗೆ ವಸ್ತುನಿಷ್ಠತೆಯ ಹುಚ್ಚು. "ಇಪ್ಪತ್ತಕ್ಕೆ ಮೂರು" ಎಂದೆ.

"ಅಂದ್ರೆ ಫೇಲಾ?"

ಒಳಗಿದ್ದ ಅಪ್ಪ ಹೋ ಎಂದು ನಕ್ಕ. ಅಮ್ಮ ನಗಲಿಲ್ಲ. ಏಳನೇ ತರಗತಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ ಅಂಕಪಟ್ಟಿಯನ್ನು ಇವತ್ತಿಗೂ ಸೀರೆಗಳ ಕೆಳಗೆ ಇಟ್ಟುಕೊಂಡವಳು ಅವಳು. ಮುಂದೆ ಒಂದು ವಾರ ನನಗೆ ಊಟಕ್ಕೆ ಬಡಿಸುವಾಗಲೆಲ್ಲ, "ಮೂರು ಮಾರ್ಕಿನವಳು ಮಾಡಿದ ಸಾರು ಸೇರ್ತದೋ ಇಲ್ವೋ" ಎನ್ನುತ್ತಿದ್ದಳು. ತಮಾಷೆಯಂತೆ ಹೇಳಿದರೂ ಅದರಲ್ಲಿ ನೋವಿತ್ತು, ನನಗೂ ಅದು ಗೊತ್ತಿತ್ತು. ಗೊತ್ತಿದ್ದೂ ಪಟ್ಟಿಯಲ್ಲಿ ಒಂದು ಅಕ್ಷರ ಬದಲಿಸಲಿಲ್ಲ.

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂತು. ನಮ್ಮ ಕಡೆ ಚಳಿಗಾಲವೆಂದರೆ ಹಿದುಕಿದ ಬೇಳೆಯ ಸಾರು. ಕಾಯಿ ಸುಲಿದು, ಕಾಳನ್ನು ನೆನೆಹಾಕಿ, ಮಾರನೆಯ ದಿನ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿದುಕಿ ಸಿಪ್ಪೆ ಬಿಡಿಸಬೇಕು. ಒಬ್ಬರೇ ಕೂತರೆ ಬೆರಳೂ ನೋಯುತ್ತದೆ, ಬೇಜಾರೂ ಆಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಅಕ್ಕಪಕ್ಕದವರು ಸೇರುವುದು ರೂಢಿ. ಆ ವರ್ಷ ಅಮ್ಮ ಸೇರಿದ್ದು ಮಾತ್ರ ಅಕ್ಕಪಕ್ಕದವರ ಜೊತೆ ಅಲ್ಲ. ನೆನೆದ ಕಾಳನ್ನು ಸ್ಟೀಲ್ ಬಕೆಟ್ಟಿಗೆ ಹಾಕಿ ನನ್ನ ಕೈಗೆ ಕೊಟ್ಟು, ಒಂದು ಭಾನುವಾರ ಒಬ್ಬ ಸದಸ್ಯರ ಮನೆಗೆ, ಇನ್ನೊಂದು ಭಾನುವಾರ ಇನ್ನೊಬ್ಬರ ಮನೆಗೆ ಹೊರಡುತ್ತಿದ್ದಳು. "ನಿಮ್ಮನೇಲೂ ನೆನೆಹಾಕಿದ್ರೆ ತನ್ನಿ, ಎಲ್ಲಾ ಸೇರಿ ಹಿದುಕೋಣ." ಹೀಗೆ ನಾಲ್ಕು ಮನೆ ತಿರುಗಿದೆವು. ಪ್ರಬಂಧ ಬರೆಯಬೇಕಾದವಳನ್ನು ಅವರೆಕಾಳು ಹಿದುಕಲು ಕೂರಿಸಿದ್ದಾಳೆಂದು ನನಗೆ ಒಳಗೊಳಗೇ ಸಿಟ್ಟು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆ.

ನಾಲ್ಕನೆಯ ಮನೆ ಕಮಾನು ಬೇಕೆಂದು ಪಟ್ಟು ಹಿಡಿದಿದ್ದ ಸದಸ್ಯರದು. ಅಮ್ಮ ಅವರನ್ನು ಅಣ್ಣ ಎನ್ನುತ್ತಾಳೆ, ಹಾಗಾಗಿ ನನಗೆ ಮಾವ. ಮಾವನೂ ಲುಂಗಿ ಎತ್ತಿಕಟ್ಟಿ ನಮ್ಮ ಜೊತೆ ಹಿದುಕಲು ಕೂತರು. ಹಿದುಕಿದ ಬೇಳೆ ಸಾರಿನ ಆಸೆ ಮೆಂಬರನ್ನೂ ಬಿಡುವುದಿಲ್ಲ. ಅವರ ತಾಯಿ, ಹಣ್ಣು ಹಣ್ಣು ಮುದುಕಿ, ಗೋಡೆಗೆ ಒರಗಿ ಕೂತಿದ್ದರು. ಅಮ್ಮ ಕಮಾನಿನ ಮಾತೇ ಎತ್ತಲಿಲ್ಲ. ಅಜ್ಜಿಯ ಕಡೆ ತಿರುಗಿ, "ದೊಡ್ಡವ್ವ, ನೀವು ಸಂತೇಲಿ ಬದನೆಕಾಯಿ ಮಾರ್ತಿದ್ರಲ್ಲ, ಬೆಳಗಿಂದ ಸಾಯಂಕಾಲದ ಗಂಟ ಹೆಂಗಿರ್ತಿದ್ರಿ?" ಎಂದು ಕೇಳಿದಳು.

"ಎಲ್ಲಿಗ್ ಹೋಗಾನವ್ವ" ಎಂದರು ಅಜ್ಜಿ. "ನೀರೇ ಕುಡೀತಿರ್ಲಿಲ್ಲ. ಬಾಯಿ ಒಣಗ್ತದೆ ಅಂತ ಎಲೆಅಡಿಕೆ ಹಾಕ್ಕಂಡು ಕೂತಿರ್ತಿದ್ದೆ. ಇವನು ಹೊಟ್ಟೇಲಿದ್ದಾಗ್ಲೂ ಹಂಗೇಯ."

ಮಾವ ತಲೆ ಎತ್ತಲಿಲ್ಲ. ಎದ್ದು ಹೋಗೋಣವೆಂದರೆ ಕೈ ಒದ್ದೆ, ಮುಂದೆ ಕಾಳಿನ ಗುಡ್ಡೆ.

"ನಾನು ಈಗ್ಲೂ ಕುಡಿಯಲ್ಲ ದೊಡ್ಡವ್ವ" ಎಂದಳು ಅಮ್ಮ.

ನನ್ನ ಬೆರಳು ನಿಂತಿತು. ನಮ್ಮ ಸಂತೆ ಸೋಮವಾರ. ಅಮ್ಮ ಸೊಪ್ಪು, ಹುರುಳಿಕಾಯಿ ತೆಗೆದುಕೊಂಡು ಹೋಗಿ ದಿನವಿಡೀ ಅಲ್ಲಿ ಕೂರುತ್ತಾಳೆ. ಸೋಮವಾರ ಬೆಳಿಗ್ಗೆ ಅವಳು ಕಾಫಿಯನ್ನೂ ಮುಟ್ಟುವುದಿಲ್ಲವೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಈಶ್ವರನ ವಾರವಲ್ಲವೇ, ಏನೋ ವ್ರತ ಹಿಡಿದಿದ್ದಾಳೆ ಎಂದುಕೊಂಡಿದ್ದೆ. ಅಷ್ಟು ವರ್ಷದಲ್ಲಿ ಯಾವ ವ್ರತ ಅಮ್ಮ ಎಂದು ಒಂದು ದಿನ ಕೇಳಲಿಲ್ಲ. ಪಂಚಾಯಿತಿಯ ಬಗ್ಗೆ ಇಪ್ಪತ್ತು ಪ್ರಶ್ನೆ ಬರೆದವಳಿಗೆ ಆ ಒಂದು ಪ್ರಶ್ನೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಇಯರ್‌ಫೋನ್ ತೆಗೆದು ಬಕೆಟ್ಟಿನ ಪಕ್ಕ ಇಟ್ಟೆ.

ಆದರೂ ನನ್ನ ಬುದ್ಧಿಗೆ ಅಂಟಿದ ತುಕ್ಕು ನೋಡಿ, ಅಲ್ಲಿ ನಡೆಯುತ್ತಿದ್ದುದು ರಾಜಕೀಯ ಎಂದು ಆಗಲೂ ತಿಳಿಯಲಿಲ್ಲ. ಅದು ಮನೆಮಾತು, ಹೆಂಗಸರ ಕಷ್ಟಸುಖ, ಅಷ್ಟೇ ಎಂದುಕೊಂಡೆ. ರಾಜಕೀಯವನ್ನು ನೋಡಲು ಮುಂದಿನ ವಾರ ನಡೆಯಲಿದ್ದ ಪಂಚಾಯಿತಿ ಸಭೆಗೆ ಅಧಿಕಾರಿಯ ಅನುಮತಿ ಪಡೆದುಕೊಂಡಿದ್ದೆ.

ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಯಾರು ಎಷ್ಟು ಸಲ ಮಾತಾಡುತ್ತಾರೆ ಎಂದು ಗೆರೆ ಎಳೆಯುತ್ತಿದ್ದೆ. ಬೀದಿದೀಪದ ಮಾತು ಬಂತು, ಚರಂಡಿಯ ಮಾತು ಬಂತು. ಅಮ್ಮನ ಹೆಸರಿನ ಮುಂದೆ ಒಂದು ಗೆರೆಯೂ ಬೀಳಲಿಲ್ಲ. ಕೊನೆಗೆ ಕಮಾನಿನ ವಿಷಯ ಬಂದಾಗ ಮಾವ ಎದ್ದು ನಿಂತರು. ಪೀಠಿಕೆ ದೊಡ್ಡದಾಗಿಯೇ ಹಾಕುತ್ತಾರೆಂದು ಪೆನ್ನು ಸರಿಮಾಡಿಕೊಂಡೆ.

"ಕಮಾನು ಎಲ್ಲೂ ಓಡೋಗಲ್ಲ, ಮುಂದಿನ ಸಲ ನೋಡೋಣ" ಎಂದರು ಅವರು. "ನಮ್ಮ ಸಂತೇಲಿ ಹೆಣ್ಮಕ್ಕಳು ಬೆಳಗಿಂದ ಸಾಯಂಕಾಲದ ಗಂಟ ನೀರು ಕುಡೀದೆ, ಬಾಯಿಗೆ ಎಲೆಅಡಿಕೆ ಹಾಕ್ಕೊಂಡು ಕೂತಿರ್ತಾರೆ. ಮೊದ್ಲು ಅಲ್ಲೊಂದು ಶೌಚಾಲಯ ಆಗ್ಲಿ."

ನಾವು ಬಕೆಟ್ಟು ಹೊತ್ತು ಹೋಗಿದ್ದ ಇನ್ನೂ ಮೂರು ಮನೆಯ ಸದಸ್ಯರು ಒಬ್ಬರ ಹಿಂದೆ ಒಬ್ಬರು, ಆಗ್ಲಿ ಆಗ್ಲಿ ಎಂದರು. ಅಧ್ಯಕ್ಷರು ಒಪ್ಪಿದರು. ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಎಲ್ಲ ಮುಗಿಯಿತು. ನಾನು ಬೆಪ್ಪಾಗಿ ಅಮ್ಮನ ಕಡೆ ನೋಡಿದೆ. ಅವಳು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಕೂತಿದ್ದಳು.

ಅವತ್ತು ನನ್ನ ಎದುರು ಎರಡು ಸಾಕ್ಷಿಗಳಿದ್ದವು. ನಡಾವಳಿ ಪುಸ್ತಕದಲ್ಲಿ ಮಾವ ಸೂಚಕರು, ಇನ್ನೊಬ್ಬರು ಅನುಮೋದಕರು, ಅಮ್ಮನ ಹೆಸರು ಹಾಜರಾತಿಯಲ್ಲಿ ಮಾತ್ರ. ಸಾಂಸ್ಥಿಕ ವಿಧಾನಕ್ಕೆ ಅವಳು ಕಾಣಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಮುಂದೆ ಖಾಲಿ ಜಾಗ. ವರ್ತನಾವಾದಕ್ಕೂ ಕಾಣಲಿಲ್ಲ. ನಾಲ್ಕು ಭಾನುವಾರ ಪಕ್ಕದಲ್ಲೇ ಕೂತು ಕಾಳು ಹಿದುಕಿದ ಮಗಳಿಗೂ ಕಾಣಲಿಲ್ಲ.

ಮನೆಗೆ ಬಂದ ಕೂಡಲೇ ಕೇಳಿದೆ, "ನೀನೇ ಎದ್ದು ಯಾಕ್ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ಬೇಡ ಅನ್ನೋಕೆ ನಾಕು ಜನ ಕಾಯ್ತಿರ್ತಾರೆ. ಅವ್ರೇ ಹೇಳಿದ್ರೆ ಬೇಡ ಅನ್ನೋರ್ಯಾರು?"

"ನಿನ್ ಹೆಸರೇ ಬರ್ಲಿಲ್ವಲ್ಲ ಅಮ್ಮ."

"ಹೆಸರು ಕಟ್ಕೊಂಡು ಏನ್ಮಾಡ್ಲಿ. ಕಟ್ಟಡ ಏಳ್ಲಿ ಸಾಕು."

ಅವಳಿಗೆ ಸಾಕಾಗಿತ್ತು, ನನಗೆ ಸಾಕಾಗಲಿಲ್ಲ. ಆ ಪುಸ್ತಕದಲ್ಲಿ ಅವಳ ಹೆಸರಿಲ್ಲ ಎನ್ನುವ ಸಿಟ್ಟು ನನಗೆ ಈಗಲೂ ಇದೆ. ಅಂದು ಪ್ರಶ್ನೆಗಳ ಪಟ್ಟಿಯನ್ನು ಮತ್ತೆ ತಂದು ಮೊದಲಿನಿಂದ ಕೇಳಿದೆ. ಈ ಸಲವಾದರೂ ಅಂಕ ಏರಲಿ ಎಂಬ ಆಸೆ. ಅಮ್ಮನದು ಹಟಮಾರಿ ಪ್ರಾಮಾಣಿಕತೆ. ಮಾತಾಡ್ತೀಯಾ? ಇಲ್ಲ. ನಿರ್ಣಯ ಮಂಡಿಸಿದೀಯಾ? ಇಲ್ಲ, ಅದು ಅಣ್ಣಂದು. ಒಬ್ಬಳೇ ಹೋಗ್ತೀಯಾ? ಇವತ್ತೂ ನಿಮ್ಮಪ್ಪನ ಗಾಡೀಲಿ ಬಂದಿದ್ದು ನೋಡಿಲ್ವಾ? ಕೂಡಿದರೆ ಮತ್ತೆ ಮೂರೇ ಬಂತು. ಅಪ್ಪ ಈ ಸಲ ನಗಲಿಲ್ಲ. "ಅವಳ್ನಲ್ಲ, ನಿನ್ ಪ್ರಶ್ನೆಪತ್ರಿಕೇನ ಫೇಲ್ ಮಾಡು" ಎಂದು ಎದ್ದು ಹೋದ.

ಗುರುಗಳ ಮುಂದೆ ಹೋಗಿ ನಿಂತೆ. ಪಟ್ಟಿ ಅಚ್ಚಾಗಿತ್ತು, ಊರೂರು ಸುತ್ತಲು ಹೊರಡುವ ದಿನ ಹತ್ತಿರ ಬರುತ್ತಿತ್ತು, ಈಗ ವಿಧಾನವೇ ಸರಿಯಿಲ್ಲ ಎಂದರೆ ಅವರು ಏನೆನ್ನುತ್ತಾರೋ. ಬಕೆಟ್ಟಿನಿಂದ ಹಿಡಿದು ಫ್ಯಾನಿನವರೆಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

"ಒಂದು ಸೇರು ಹಿದುಕೋಕೆ ಎಷ್ಟು ಹೊತ್ತು ಬೇಕು?"

"ನಾಲ್ಕು ಜನ ಕೂತರೆ ಒಂದು ಗಂಟೆ ಸರ್."

"ಹಾಗಾದರೆ ಸಂಖ್ಯೆ ಇದೆಯಲ್ಲ ಕಣಮ್ಮ" ಎಂದು ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿ ಹೇಳಿದರು, "ನಿಮ್ಮ ತಾಯಿಯನ್ನು ಪಟ್ಟಿಯಿಂದ ತೆಗೆ. ಮಗಳು ತಾಯಿಯನ್ನು ಅಳೆಯೋಕೆ ಆಗಲ್ಲ. ಆದರೆ ಅವರು ತೋರಿಸಿದ ದಾರಿಯಲ್ಲಿ ಬೇರೆಯವರ ಮನೆಗೆ ಹೋಗು. ಸಭೆ ದಿನ ಬೇಡ, ಸಭೆಗೆ ಮುಂಚೆ ಹೋಗು. ಆರು ತಿಂಗಳು ಹೆಚ್ಚು ಹಿಡಿದರೂ ನಾನು ಸಹಿ ಹಾಕ್ತೀನಿ."

ಆರು ತಿಂಗಳು ಅಲ್ಲ, ಒಂದು ವರ್ಷವೇ ಹಿಡಿಯಿತು. ಅಚ್ಚು ಮಾಡಿಸಿದ್ದ ಪಟ್ಟಿಗಳ ಹಿಂಬದಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ಜಿಲ್ಲೆಯೆಲ್ಲ ತಿರುಗಿದೆ. ರಾಜಘಟ್ಟದ ಆಚೆ ಒಬ್ಬರು ಹೂ ಕಟ್ಟುವಾಗ ಕೆಲಸ ಸಾಧಿಸುತ್ತಿದ್ದರು. ಬೂದಿಗೆರೆ ಕಡೆ ಒಬ್ಬರು ಹೊಸ ಬಡಾವಣೆಯವರ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಜೋರೆಂದರೆ, ಸಭೆಯಲ್ಲಿ ಮಾತಾಡುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ. ಎಲ್ಲರೂ ಹೀಗೆಯೇ ಎಂದರೆ ಸುಳ್ಳಾದೀತು. ಸಹಿ ಹಾಕಿದ ಕಾಗದದಲ್ಲಿ ಏನಿದೆಯೆಂದು ತಿಳಿಯದವರೂ ಸಿಕ್ಕರು, "ನಂಗೇನೂ ಗೊತ್ತಾಗಲ್ಲ ಕಣಮ್ಮ, ಅವರೇ ನೋಡ್ಕೋತಾರೆ" ಎಂದು ಕಣ್ಣು ತಪ್ಪಿಸಿದರು. ಅವರ ಬಗ್ಗೆಯೂ ಬರೆದೆ. ಅಂಕ ಮಾತ್ರ ಯಾರಿಗೂ ಕೊಡಲಿಲ್ಲ.

ಇತ್ತ ಊರಿನಲ್ಲಿ ಶೌಚಾಲಯದ ನಕ್ಷೆ ಪಂಚಾಯಿತಿ ಸಭೆಗೆ ಬಂತು. ಬಾಗಿಲು ನೇರವಾಗಿ ಟೀ ಅಂಗಡಿಯ ಕಡೆ. ಅಂಗಡಿಯ ಮುಂದೆ ದಿನವಿಡೀ ಗಂಡಸರು. ಅವರೆಕಾಯಿ ಕಾಲ ಮುಗಿದಿತ್ತು, ಮನೆಮನೆ ತಿರುಗಲು ಹೊತ್ತೂ ಇರಲಿಲ್ಲ. ಆ ಸಭೆಯಲ್ಲಿ ಅಮ್ಮ ಎದ್ದು ನಿಂತಳಂತೆ. "ಬಾಗಿಲು ಕೆರೆ ಕಡೆ ತಿರುಗ್ಸಿ. ಈ ಕಡೆ ಇದ್ರೆ ಒಬ್ಬ ಹೆಂಗಸೂ ಒಳಗೆ ಹೋಗಲ್ಲ" ಎಂದು ಹೇಳಿ ಕೂತಳಂತೆ. ಕಿಟಕಿಯಾಚೆ ಕೂತಿದ್ದ ಅಪ್ಪನ ಕೈಯಿಂದ ಕಡಲೆಕಾಯಿ ಪೊಟ್ಟಣ ಬಿತ್ತಂತೆ. ಇದು ಅಪ್ಪನೇ ಹೇಳಿದ್ದು, ಸ್ವಲ್ಪ ಸೇರಿಸಿಯೂ ಇರಬಹುದು. ನಡಾವಳಿ ಪುಸ್ತಕದಲ್ಲಿ ಮಾತ್ರ ಆ ಒಂದು ಸಾಲು ಅಮ್ಮನ ಹೆಸರಿನಲ್ಲೇ ಇದೆ. ನಾನು ಹೋಗಿ ಓದಿ, ಫೋಟೊ ತೆಗೆದುಕೊಂಡು ಬಂದೆ.

ಕಟ್ಟಡ ಎದ್ದು, ಟೇಪು ಕತ್ತರಿಸಿದ ಮುಂದಿನ ಸೋಮವಾರ ನಾನೂ ಅಮ್ಮನ ಜೊತೆ ಸಂತೆಗೆ ಹೋದೆ. ಅಮ್ಮ ಗೋಣಿತಾಟು ಹಾಸಿ ಸೊಪ್ಪಿನ ಕಂತೆ ಜೋಡಿಸಿದಳು. ಬಿಸಿಲು ಏರುವ ಹೊತ್ತಿಗೆ ಎದುರು ಸಾಲಿನಲ್ಲಿ ಮೂಲಂಗಿ ಮಾರುತ್ತಿದ್ದ ಹೆಂಗಸು ಸೆರಗಿನ ಅಡಿಯಿಂದ ಬಾಟಲಿ ತೆಗೆದು ಗಟಗಟ ನೀರು ಕುಡಿದಳು. ಅಮ್ಮ ನನ್ನ ಮೊಣಕೈ ತಿವಿದಳು.

"ನೋಡ್ದಾ, ನೀರು ಕುಡೀತವ್ಳೆ. ಬರ್ಕೊ."

ಇನ್ನೊಬ್ಬಳು ಕುಡಿದಳು. "ಅಲ್ನೋಡು, ಕೊತ್ತಂಬರಿಯವಳೂ. ಬರ್ಕೊ." ಹೀಗೆ ಸಾಲು ಪೂರ್ತಿ ತೋರಿಸಿದಳು. ಎಣಿಸುವ ಹುಚ್ಚು ಈಗ ಅವಳಿಗೆ ಹಿಡಿದಿತ್ತು.

"ನೀನು ಕುಡೀದೆ ಎಣಿಸ್ತಾ ಕೂತಿದೀಯಲ್ಲಮ್ಮ" ಎಂದೆ, ನನ್ನ ಬಾಟಲಿ ಮುಂದೆ ಹಿಡಿದು.

ಅಮ್ಮ ಅದನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದಿದ್ದಳು. ರೂಢಿ ಅಷ್ಟು ಬೇಗ ಬಿಡುವುದಿಲ್ಲ. ಆಮೇಲೆ ತಲೆ ಎತ್ತಿ, ಬಾಟಲಿ ಖಾಲಿಯಾಗುವ ತನಕ ಕುಡಿದಳು. ಗದ್ದದ ಮೇಲೆ ಇಳಿದ ನೀರನ್ನು ಸೆರಗಿನಲ್ಲಿ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಬರ್ಕೊಂಡ್ಯಾ?"

"ಬರ್ಕೊಂಡೆ" ಎಂದೆ. ನೋಟ್‌ಬುಕ್ ಇನ್ನೂ ಬ್ಯಾಗಿನಲ್ಲೇ ಇತ್ತು.